ಓಡುವ ವ್ಯಾನಿನ ಕರೆಂಟು

ಡ್ರಾಯಿಂಗ್ ಮೇಷ್ಟ್ರು ಆ ಪಾರ್ಸೆಲ್ಲನ್ನು ಮನೆಯೊಳಗೆ ಬಿಚ್ಚಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಪುಣ್ಯಾತ್ಮ ಬೀದಿಯಲ್ಲಿ, ವ್ಯಾನಿನ ಪಕ್ಕ ನಿಂತು ಬಿಚ್ಚಿದರು. ಆ ಬೀದಿಯಲ್ಲಿ ಒಬ್ಬರು ಪೊಟ್ಟಣ ಬಿಚ್ಚಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ.

ಬೀದಿಯವರ ಕಾಟವಿಲ್ಲದೆ ಹೆಂಡತಿಯೊಡನೆ ಕೆರೆಯ ದಡದಲ್ಲಿ ಒಂದು ದಿನ ಕಳೆಯಬೇಕೆಂಬುದು ಮೇಷ್ಟ್ರ ಬಹುದಿನದ ಆಸೆ. ಹೋದ ರಜೆಯಲ್ಲಿ ಹೊರಟಿದ್ದರು ಕೂಡ. ಆದರೆ ವ್ಯಾನಿನ ಫ್ಯಾನಿಗೆ ಕರೆಂಟು ಕೊಡುವ, ಪ್ಲಗ್ ಪಾಯಿಂಟುಗಳಿದ್ದ ಬ್ಯಾಟರಿ ಪೆಟ್ಟಿಗೆ ಅರ್ಧ ದಾರಿಯಲ್ಲೇ ಕಣ್ಣು ಮುಚ್ಚಿತ್ತು. ಇವತ್ತು ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

“ನೋಡೀಂದ್ರೆ, ಮಧ್ಯಾಹ್ನದೊಳಗೆ ಫ್ಯಾನ್ ತಿರುಗಿದ್ರೆ ಬರ್ತೀನಿ. ಇಲ್ದಿದ್ರೆ ನಮ್ಮಕ್ಕನ ಮನೆಗೆ ಹೋಗ್ತೀನಿ. ಆ ತಗಡಿನ ಡಬ್ಬಿಲಿ ಇನ್ನೊಂದ್ಸಲ ಬೇಯೋಕೆ ನನ್ ಕೈಲಾಗಲ್ಲ.”

ಅದಕ್ಕೇ ಪಾರ್ಸೆಲ್ಲಿನಲ್ಲಿ ಬಂದ ಈ ಆಲ್ಟರ್ನೇಟರ್ ಚಾರ್ಜರ್. ಎಂಜಿನ್ ತಿರುಗುವಾಗ ಹುಟ್ಟುವ ಕರೆಂಟನ್ನು ದಪ್ಪ ವೈರಿನಲ್ಲಿ ಎಳೆದು ಹಿಂದಿನ ಪೆಟ್ಟಿಗೆಗೆ ತುಂಬುವ ಯಂತ್ರ. ಮೇಷ್ಟ್ರು ಜೋಡಣೆಯ ನಕ್ಷೆಯನ್ನು ಜಲವರ್ಣದಲ್ಲಿ ಬರೆದು, ಫ್ಯೂಸಿಗೂ ನೆರಳು ಬಿಡಿಸಿದ್ದರು. ಉತ್ಸಾಹ ಅಂದರೆ ಹಾಗಿತ್ತು!

“ಏನ್ ಮೇಷ್ಟ್ರೇ, ಒಬ್ರೇ ಕೈ ಹಾಕ್ಬಿಟ್ರಾ? ನಾನೇನು ಸತ್ತೋಗಿದ್ನಾ?”

ಪಕ್ಕದ ಮನೆಯ ಫ್ಯೂಸ್ ಮಾವ ಸ್ಪ್ಯಾನರ್ ಹಿಡಿದೇ ಬಂದಿದ್ದರು. ಅವರು ರಿಪೇರಿ ಮಾಡಿದ ಮನೆಯಲ್ಲೆಲ್ಲ ಫ್ಯೂಸ್ ಹೋಗುತ್ತಿತ್ತು. ಹೆಸರು ಬಂದದ್ದು ಹಾಗೆ.

“ಬೇಡ ಮಾವ, ಮೊದಲು ವ್ಯಾನ್ ಬ್ಯಾಟರಿ ಮೈನಸ್ ಬಿಚ್ಬೇಕಂತೆ...”

“ಪ್ಲಸ್ಸೋ ಮೈನಸ್ಸೋ, ಎರಡೂ ಬಿಚ್ಚೋದೇ ತಾನೇ?”

ಸ್ಪ್ಯಾನರ್ ಪ್ಲಸ್ಸಿನ ಮೇಲೆ ಕೂತು, ಅದರ ಬಾಲ ವ್ಯಾನಿನ ಮೈಗೆ ತಗುಲಿತು. ಛಟ್! ಕಿಡಿ ಹಾರಿತು. ಮಾವ ಎರಡು ಹೆಜ್ಜೆ ಹಿಂದಕ್ಕೆ ಹಾರಿ, “ಬ್ಯಾಟರಿ ಚೆನ್ನಾಗಿದೆ” ಎಂದರು.

ಎದುರು ಮನೆಯ ಟೈಲರ್ ಅಕ್ಕನೂ ಇಳಿದುಬಂದಳು. ವೈರನ್ನು ಮುಂದಿನಿಂದ ಹಿಂದಕ್ಕೆ ಮ್ಯಾಟಿನ ಅಡಿಯಲ್ಲಿ ಒಯ್ಯಲಾಗದೆ ಮೇಷ್ಟ್ರು ಹೊಟ್ಟೆಯ ಮೇಲೆ ತೆವಳುತ್ತಿದ್ದರು.

“ಏಳಿ ಮೇಷ್ಟ್ರೇ, ಇದೇನು ಮಹಾ! ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ.”

ವೈರಿನ ತುದಿಗೆ ಪಿನ್ನು ಸಿಕ್ಕಿಸಿ, ಮ್ಯಾಟನ್ನು ನೆರಿಗೆ ಹಿಡಿದು ಸರಸರ ಎಳೆದಳು. ವೈರು ಹಿಂದಕ್ಕೆ ಬಂತು, ನಿಜ. ಜೊತೆಗೆ ಸೀಟಿನ ಕೆಳಗೆ ಬಿಟ್ಟಿದ್ದ ಮೇಷ್ಟ್ರ ಚಪ್ಪಲಿಯೂ ಬಂತು.

ಅಷ್ಟರಲ್ಲಿ ಮಾವ ಕೆಂಪು ವೈರನ್ನು ಕಪ್ಪಿನ ಜಾಗಕ್ಕೆ ಕೂರಿಸುತ್ತಿದ್ದರು. ಮೇಷ್ಟ್ರು ಕೈ ಹಿಡಿದು ತಡೆದರು. ನಕ್ಷೆ ತೋರಿಸಿದರು. “ಚಿತ್ರ ಚೆನ್ನಾಗಿದೆ, ಫ್ರೇಮ್ ಹಾಕ್ಸಿ” ಎಂದು ಮಾವ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಉಳಿದ ಕೆಲಸವನ್ನು ಉಸಿರು ಬಿಗಿಹಿಡಿದು ತಾವೇ ಮುಗಿಸಿದರು.

ಕೀಲಿ ತಿರುಗಿಸಿದರು. ಎಂಜಿನ್ ಗುರ್ ಎಂದಿತು. ಹಿಂದಿನ ಪೆಟ್ಟಿಗೆಯ ಮೀಟರ್ ಕಣ್ಣು ಬಿಟ್ಟಿತು.

“ಮುನ್ನೂರು! ನಾನೂರು!” ಮಾವ ಕೋಪ ಮರೆತು ಕೂಗಿದರು. “ಐನೂರು ವ್ಯಾಟ್ ಬರ್ತಿದೆ ಮೇಷ್ಟ್ರೇ!”

ಫ್ಯಾನ್ ತಿರುಗಿತು. ಟೈಲರ್ ಅಕ್ಕ ಚಪ್ಪಾಳೆ ತಟ್ಟಿದಳು. ಹೆಂಡತಿ ಬ್ಯಾಗ್ ಹಿಡಿದು ಹೊರಗೆ ಬಂದು, “ಅಯ್ಯೋ, ನಿಜವಾಗ್ಲೂ ಮಾಡ್ಬಿಟ್ರಲ್ರೀ!” ಎಂದು ನಕ್ಕಳು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊರಡುವುದೊಂದೇ ಬಾಕಿ. ರಿವರ್ಸ್ ಹಾಕಿದರು. ಕತ್ತು ಹಿಂದಕ್ಕೆ ತಿರುಗಿಸಿದ್ದೇನೋ ಸರಿ, ಆದರೆ ಅವರ ಕಣ್ಣು ನೋಡಿದ್ದು ಗಾಜಿನಾಚೆಯ ರಸ್ತೆಯನ್ನಲ್ಲ, ಮೀಟರನ್ನು. ಐನೂರೈವತ್ತು! ಆರುನೂರು!

ಧಡಾರ್!

ಕರೆಂಟು ಕಂಬ ಕುಡುಕನಂತೆ ವಾಲಿತು. ಇಡೀ ಬೀದಿಯ ಫ್ಯಾನುಗಳು, ಟೀವಿಗಳು, ಟೈಲರ್ ಅಕ್ಕನ ಮೋಟಾರು ಹೊಲಿಗೆ ಯಂತ್ರ, ಎಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಫೋನ್ ಮಾಡಿದರೆ ಕರೆಂಟಿನವರು, “ಯಾರೂ ಕಂಬದ ಹತ್ರ ಹೋಗ್ಬೇಡಿ, ರಿಪೇರಿ ನಾಳೆ” ಎಂದರು.

“ನಾಳೆನಾ? ಸಂಜೆ ಕೊಡ್ಬೇಕಾದ ಬಟ್ಟೆ ಏನ್ ಮಾಡ್ಲಿ?” ಟೈಲರ್ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

ಹೆಂಡತಿಯೇ ಮುಂದೆ ಬಂದಳು.

“ಕಂಬಕ್ಕೆ ಗುದ್ದಿದ್ದು ನಾವೇ ತಾನೇ? ನಮ್ ವ್ಯಾನಲ್ಲಿ ಕರೆಂಟಿದೆ. ಮಿಷನ್ ಒಳಗಿಡಿ ಅಕ್ಕ, ನೀವೂ ಬನ್ನಿ. ಎಲ್ರೂ ಬನ್ನಿ, ಕೆರೆ ದಡಕ್ಕೇ ಹೋಗೋಣ!”

“ಎಲ್ರೂನಾ?” ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

ಯಾರೂ ಕೇಳಿಸಿಕೊಳ್ಳಲಿಲ್ಲ. ಹೊಲಿಗೆ ಯಂತ್ರ ಹತ್ತಿತು, ಇಸ್ತ್ರಿ ಪೆಟ್ಟಿಗೆ ಹತ್ತಿತು, ಬೀದಿಯ ಫೋನುಗಳೆಲ್ಲ ಚಾರ್ಜಿಗೆ ಹತ್ತಿದವು, ಅವುಗಳ ಹಿಂದೆ ಅವುಗಳ ಯಜಮಾನರೂ ಹತ್ತಿದರು. ಹೆಂಡತಿ ಫ್ಯಾನಿನ ಕೆಳಗೆ ಟೈಲರ್ ಅಕ್ಕನ ಪಕ್ಕ ಕೂತಳು. ಮುಂದಿನ ಸೀಟಿಗೆ ಫ್ಯೂಸ್ ಮಾವ ಬಂದರು. “ಎಡಕ್ಕೆ ತಗೊಳ್ಳಿ, ಹಾರ್ನ್ ಹೊಡೀರಿ, ಗೇರ್ ಇಳಿಸಿ” ಎಂದು ದಾರಿಯುದ್ದಕ್ಕೂ ಗಾಡಿಯನ್ನು ಬಾಯಲ್ಲೇ ಓಡಿಸಿದರು.

ಕೊನೆಗೂ ಕೆರೆ ಬಂತು. ತಣ್ಣನೆ ಗಾಳಿ, ಮರದ ನೆರಳು, ಹೊಳೆಯುವ ನೀರು. ಹೋಗಲಿ, ಹೆಂಡತಿಯ ಜೊತೆ ದಡದಲ್ಲಿ ನಾಲ್ಕು ಹೆಜ್ಜೆಯಾದರೂ ನಡೆದು ಬರೋಣವೆಂದು ಮೇಷ್ಟ್ರು ಎಂಜಿನ್ ಆರಿಸಲು ಕೀಲಿಗೆ ಕೈ ಹಾಕಿದರು.

“ಆಫ್ ಮಾಡ್ಬೇಡಿ!” ಹಿಂದಿನಿಂದ ಎಲ್ಲರೂ ಒಟ್ಟಿಗೆ ಕಿರುಚಿದರು. ಇಸ್ತ್ರಿ ಪೆಟ್ಟಿಗೆ ಇದ್ದಬದ್ದ ಚಾರ್ಜನ್ನೆಲ್ಲ ಕುಡಿದಿತ್ತು.

“ನೀವು ಆಕ್ಸಿಲರೇಟರ್ ಒತ್ಕೊಂಡು ಇಲ್ಲೇ ಕೂತಿರಿ ರೀ,” ಎಂದಳು ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ. “ನಾನೂ ಮಾವನೂ ಕೆರೆ ಒಂದು ಸುತ್ತು ಹಾಕ್ಕೊಂಡು ಬರ್ತೀವಿ.”