ಮಧ್ವರಾಜರ ಗುಪ್ತ ಗುರುತು

“ನನ್ನ ಕಣ್ಣಿಗೆ ಮಣ್ಣೆರಚುವ ಮೆಕ್ಯಾನಿಕ್ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ!”

ಮಣಿಪಾಲದ ತಮ್ಮ ಮನೆಯಂಗಳದಲ್ಲಿ ನಿಂತು ಮಧ್ವರಾಜರು ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಹೆಂಡತಿ ನಳಿನಾಕ್ಷಿ ಒಬ್ಬರೇ. ಅವರಿಗೂ ಪೂರ್ತಿ ಕೇಳಿಸಲಿಲ್ಲ; ಕಾರಿನ ಸದ್ದು ಹಾಗಿತ್ತು! ಎರಡೇ ಸೀಟಿನ, ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಮೊನ್ನೆಯವರೆಗೆ ಗುರುಗುಟ್ಟುತ್ತಿದ್ದದ್ದು ಈಗ ಜಾತ್ರೆಯ ಪಟಾಕಿಯಂತೆ ಗರ್ನಾಲು ಹೊಡೆಯುತ್ತಿತ್ತು.

ಮಧ್ವರಾಜರಿಗೆ ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ಅನುಮಾನಪಡುವುದಕ್ಕೇ ಸಂಬಳ! ಆ ಅಭ್ಯಾಸ ಆಫೀಸಿನಲ್ಲೇ ಉಳಿಯಲಿಲ್ಲ. ಎಳನೀರಿನ ಅಂಗಡಿಯವ ಒಂದು ಬೊಂಡ ಆರಿಸಿ ಕೊಟ್ಟರೆ ಇವರು ಅದರ ಪಕ್ಕದ್ದನ್ನೇ ಕೇಳುತ್ತಿದ್ದರು.

ಕಾಪುವಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ರೋನಿ ಬಾನೆಟ್ ಎತ್ತಿ ನೋಡಿದ. “ಸರ್, ಮ್ಯಾನಿಫೋಲ್ಡ್ ಒಡೆದಿದೆ. ಎಂಜಿನ್ನಿನ ಹೊಗೆಯನ್ನೆಲ್ಲ ಸೈಲೆನ್ಸರಿಗೆ ದಾಟಿಸುವ ಬೀಡುಕಬ್ಬಿಣದ ಕೊಳವೆ. ತುಕ್ಕು ತಿಂದು ಬಾಯಿ ಬಿಟ್ಟಿದೆ. ಬೇರೆಯೇ ಆಗಬೇಕು.”

“ಒಡೆದದ್ದಾ, ಒಡೆಸಿದ್ದಾ?”

“ಬಾನೆಟ್ ತೆರೆದದ್ದೇ ಈಗ ಮಾರಾಯ್ರೆ! ಬರೀ ಕಣ್ಣಲ್ಲಿ ನೋಡಿ ಕಬ್ಬಿಣ ಒಡೆಯುವವನಾಗಿದ್ದರೆ ನಾನು ಇಲ್ಲಿ ಯಾಕೆ ಇರುತ್ತಿದ್ದೆ?”

ಬರುವ ಭಾನುವಾರ ಹಳೆಯ ಕಾರುಗಳ ಮಾಲೀಕರೆಲ್ಲ ಕಾಪು ಬೀಚಿನಲ್ಲಿ ಸೇರುವವರಿದ್ದರು. “ಈ ಸಲವೂ ಇದು ಹೊರಡದಿದ್ದರೆ ಗುಜರಿಗೇ” ಎಂದು ನಳಿನಾಕ್ಷಿ ಕಡ್ಡಿ ಮುರಿದಂತೆ ಹೇಳಿದ್ದರು. ಮಧ್ವರಾಜರು ಎಲ್ಲೆಲ್ಲೋ ವಿಚಾರಿಸಿ, ಕಾರ್ಕಳದ ಜೋಯ್‌ಸ್ಟನ್ ಎಂಬವರ ಶೆಡ್ಡಿನಲ್ಲಿ ಅದೇ ಮಾದರಿಯ ಮುರುಕು ಕಾರನ್ನು ಪತ್ತೆಹಚ್ಚಿ, ಅದರ ಮ್ಯಾನಿಫೋಲ್ಡ್ ಬಿಚ್ಚಿಸಿಕೊಂಡರು. ತಿರುಗಿಸಿ ಮುರುಗಿಸಿ ನೋಡಿದರು. ಬಿರುಕಿಲ್ಲ, ತುಕ್ಕಿಲ್ಲ. ಬಂಗಾರದಂಥ ಬೀಡು!

ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಹೊಸ ಸಂಶಯ ಹೊಕ್ಕಿತು. ಇಷ್ಟು ಒಳ್ಳೆಯ ಮಾಲನ್ನು ರೋನಿ ಸುಮ್ಮನೆ ಬಿಡುತ್ತಾನೆಯೇ? ಇದನ್ನು ಎತ್ತಿಟ್ಟು ಯಾವುದೋ ಹಾಳಾದ್ದನ್ನು ಜೋಡಿಸಿಬಿಟ್ಟರೆ? ಮನೆಗೆ ಬಂದವರೇ ಉಳಿ, ಸುತ್ತಿಗೆ ಹಿಡಿದು ಕೂತರು.

“ಎಂತ ಮಾಡುತ್ತಿದ್ದೀರಿ? ಪಕ್ಕದ ಮನೆಯವರು ಇಣುಕುತ್ತಿದ್ದಾರೆ!”

“ಗುಪ್ತ ಗುರುತು! ಅಡಿಯಲ್ಲಿ ನನ್ನ ಹೆಸರಿನ ‘ಮ’. ಇನ್ನು ಬದಲಿಸಲಿ, ನೋಡುವ!”

“ಪೇಂಟಿನಲ್ಲಿ ಬರೆದರೆ ಸಾಲದಾ?”

“ಪೇಂಟು ಒರೆಸಬಹುದು. ಕೆತ್ತಿದ್ದನ್ನು ಒರೆಸಲಿಕ್ಕೆ ಆಗುತ್ತದಾ?”

‘ಮ’ದ ಕೊನೆಯ ಸುಳಿಗೆ ವಿಶೇಷ ಉತ್ಸಾಹದ ಏಟುಗಳು ಬಿದ್ದವು. ಕೂಡಲೇ ಮ್ಯಾನಿಫೋಲ್ಡ್ ಗೋಣಿಚೀಲ ಸೇರಿತು. ಮರುದಿನ ಬೆಳಿಗ್ಗೆ ಚೀಲ ರೋನಿಯ ಕೈ ಸೇರಿತು.

ಮಧ್ಯಾಹ್ನ ರೋನಿಯ ಫೋನು. “ಸರ್, ನೀವು ತಂದದ್ದರಲ್ಲೂ ಬಿರುಕು ಉಂಟಲ್ಲ!”

ಮಧ್ವರಾಜರು ಕುರ್ಚಿಯಿಂದ ಜಿಗಿದರು. ಸಿಕ್ಕಿಬಿದ್ದ ಕಳ್ಳ! ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಸಾಕ್ಷಿಗೆಂದು ನಳಿನಾಕ್ಷಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾಪುವಿಗೆ ಹಾರಿದರು. ಗ್ಯಾರೇಜಿನಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಗುಡುಗಿದರು:

“ಇದು ನಾನು ಕೊಟ್ಟದ್ದೇ ಅಲ್ಲ! ನನ್ನದರ ಅಡಿಯಲ್ಲಿ ಗುಪ್ತ ಗುರುತು ಉಂಟು. ಎಲ್ಲರೂ ನೋಡಿ, ಇದರಲ್ಲಿ ಅದು ಇರಲಿಕ್ಕೆ ಸಾಧ್ಯವೇ ಇಲ್ಲ!”

ಮ್ಯಾನಿಫೋಲ್ಡನ್ನು ಮಗುಚಿದರು.

‘ಮ’ ಇತ್ತು. ದುಂಡಗೆ, ಸ್ಪಷ್ಟವಾಗಿಯೇ ಇತ್ತು. ಅದರ ಕೊನೆಯ ಸುಳಿಯಿಂದ ಹೊರಟ ಬಿರುಕು, ಅಕ್ಷರ ಇನ್ನೂ ಮುಗಿದಿಲ್ಲವೆಂಬಂತೆ, ಕೊಳವೆಯ ಮೇಲಿನವರೆಗೂ ಹತ್ತಿತ್ತು.

ರೋನಿ ಬಗ್ಗಿ ನೋಡಿದ. “ಅಕ್ಷರ ಚಂದ ಉಂಟು ಸರ್. ಬಾಲ ಸ್ವಲ್ಪ ಉದ್ದ ಆಯಿತು, ಅಲ್ವಾ?”

ಮಧ್ವರಾಜರ ಮುಖ ಕಾರಿಗಿಂತ ಕೆಂಪಾಯಿತು. “ಅದು... ನನ್ನದೇ ತಪ್ಪು ಮಾರಾಯ. ಇದು ಸರಿಯಾಗಲಿಕ್ಕೆ ಉಂಟಾ?”

“ಹೊಸ ಬಿರುಕಲ್ವಾ, ನಿಧಾನವಾಗಿ ಕಾಯಿಸಿ ಬೆಸುಗೆ ಹಾಕಿದರೆ ನಿಲ್ಲುತ್ತದೆ. ಆದರೆ ಕೆಲಸ ಮುಗಿಯುವವರೆಗೆ ನೀವು ಈ ಕಡೆ ತಲೆ ಹಾಕಬಾರದು. ಕಾರನ್ನು ಮೇಡಂ ಕೈಗೇ ಕೊಡುತ್ತೇನೆ.”

ಭಾನುವಾರ ಕೆಂಪು ಕಾರು ಗುರುಗುಟ್ಟುತ್ತಾ ಕಾಪು ಬೀಚಿಗೆ ಬಂದು ನಿಂತಿತು. ರಿಪೇರಿಯ ಸುದ್ದಿ ಕೇಳಿ ಪಕ್ಕದ ನೀಲಿ ಕಾರಿನ ದಂಪತಿ ಹತ್ತಿರ ಬಂದರು. “ನಮ್ಮದರದ್ದೂ ಇದೇ ಗೋಳು ಸರ್,” ಎಂದ ಗಂಡ. “ಎಲ್ಲಿ ಮಾಡಿಸಿದಿರಿ? ಮೆಕ್ಯಾನಿಕ್ ನಂಬಲಿಕ್ಕೆ ಆಗುವ ಜನವಾ?”

ಮಧ್ವರಾಜರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಳಿನಾಕ್ಷಿ ಆ ಹೆಂಗಸಿನ ಕೈ ಹಿಡಿದು ಹೇಳಿದರು:

“ಧೈರ್ಯವಾಗಿ ಹೋಗಿ. ಕಾರನ್ನು ಗ್ಯಾರೇಜಿನಲ್ಲಿ ಬಿಡಿ, ಗಂಡನನ್ನು ಮಾತ್ರ ಮನೆಯಲ್ಲೇ ಬಿಡಿ!”