ಸ್ವಲ್ಪ ಅಂದರೆ ಎಷ್ಟು?

ಎಲ್ಲಕ್ಕೂ ಕಾರಣ ‘ಚಿಕ್ಕದು’ ಎಂಬ ಒಂದೇ ಮಾತು. ಒಂದು ದಿನದ ಬೆಲೆಯ ಏರಿಳಿತವನ್ನು ಮೇಣದಬತ್ತಿಯ ಹಾಗೆ ಬರೆದಾಗ, ದಿನದ ಮೊದಲ ಮತ್ತು ಕೊನೆಯ ಬೆಲೆಗಳ ನಡುವಿನ ಒಡಲು ಚಿಕ್ಕದಾಗಿದ್ದು, ಅದಕ್ಕೂ ಕೆಳಗೆ ಬೆಲೆ ಇಳಿದುಬಂದದ್ದನ್ನು ತೋರಿಸುವ ಬತ್ತಿ ಉದ್ದವಾಗಿದ್ದರೆ ಅದು ಸುತ್ತಿಗೆ, ಬಿದ್ದ ಶೇರು ಇನ್ನು ಏಳುವ ಲಕ್ಷಣ ಎಂದು ಶೇರುಪೇಟೆಯ ಪುಸ್ತಕದಲ್ಲಿ ಬರೆದಿತ್ತು. ಓದಿದವರೆಲ್ಲ ತಲೆಯಾಡಿಸಿ ಮುಂದೆ ಹೋಗುತ್ತಾರೆ. ತುರುವೇಕೆರೆಯ ಸಿದ್ದಾರ್ಥ್ ಮಾತ್ರ ಪುಸ್ತಕ ಮುಚ್ಚಿ, ಚಿಕ್ಕದು ಅಂದರೆ ಎಷ್ಟು ಎಂದು ಕೇಳಿದ. ನನಗಂತೂ ಇಂಥವರನ್ನು ಕಂಡರೆ ಗೌರವ. ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಯಿತೇ ಎಂದು ಹೆಂಡತಿ ಕೇಳಿದಾಗ, ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿ ಬೈಸಿಕೊಂಡವನು ಅವನು.

ಹೆಂಡತಿ ರಾಧಾಮಣಿಗೆ ಸಾಕಾಗಿತ್ತು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ್ದ ಕಾಯಿಗಳು ಒಣಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತಿದ್ದವು. ಇಳಿಸಬೇಕಾದ ಗಂಡ ಕಂಪ್ಯೂಟರಿನ ಮುಂದೆ ಕೂತಿದ್ದ. ಷರತ್ತು ಬರೆದುಕೊಟ್ಟರೆ ಅದಕ್ಕೊಪ್ಪುವ ಶೇರು ಆರಿಸಿಕೊಡುವ ಸ್ಕ್ರೀನರ್ ಒಂದಕ್ಕೆ ಸುತ್ತಿಗೆಯ ಸೂತ್ರ ಬರೆಯುತ್ತಿದ್ದ.

“ಶೇರು ಅಂದ್ರೆ ನಮ್ಮಪ್ಪ ಮದ್ವೇಲಿ ನಿಮಗೆ ಕೊಟ್ಟವು ಇದಾವಲ್ಲ, ಹಂಗೆ ಮಡಿಕ್ಕಂಡು ಸುಮ್ನಿರಬೇಕು ಕಣ್ರೀ,” ಎಂದಳು ಅವಳು. “ಇವತ್ತು ನಿಮ್ಮ ಸೂತ್ರ ಒಂದೇ ಒಂದು ಒಳ್ಳೇ ಶೇರು ಹೆಕ್ಕಿಕೊಟ್ರೆ ನಾನು ಇನ್ನು ಮಾತೇ ಆಡಲ್ಲ. ಇಲ್ದಿದ್ರೆ ಇದನ್ನ ಮುಚ್ಚಿ ಅಟ್ಟ ಹತ್ತಿ.”

ಸಿದ್ದಾರ್ಥ್ ಒಪ್ಪಿದ. ಸ್ಕ್ರೀನರಿನ ವರ್ಷದ ಚಂದಾ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲವಲ್ಲ ಎಂಬ ಸಮಾಧಾನವೇ ಅವನಿಗೆ ದೊಡ್ಡದಾಗಿತ್ತು.

ಮೊದಲ ಸೂತ್ರ ಬಲು ಬಿಗಿ. ಕೆಳಬತ್ತಿ ಒಡಲಿನ ಐದು ಪಟ್ಟನ್ನೂ ಮೀರಿರಬೇಕು, ಮೇಲ್ಬತ್ತಿ ಇರಲೇಕೂಡದು. ಒಂದು ಶೇರೂ ಬರಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಗಂಗಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಪಂದ್ಯದ ವಿಷಯ ತಿಳಿದು ಅಲ್ಲೇ ಕೂತಳು. ಅವಳ ಮಾತು ಕೇಳಿಸಿಕೊಂಡು ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರೂ ಕುರ್ಚಿ ಸಮೇತ ಬಂದರು. ಹೆಣ್ಣು ನೋಡುವಾಗ ಇಷ್ಟು ಬಿಗಿ ಮಾಡಿದ್ದರೆ ನಿನಗೆ ಮದುವೆಯೇ ಆಗುತ್ತಿರಲಿಲ್ಲ, ಸಡಿಲ ಮಾಡು ಎಂದು ಮೇಷ್ಟ್ರ ಅಪ್ಪಣೆಯಾಯಿತು.

ಸಡಿಲ ಮಾಡಿದ. ಒಡಲು ಏರಿಳಿತದ ಮೂರನೇ ಒಂದು ಪಾಲು ಮೀರದಿದ್ದರೆ ಸಾಕು, ಕೆಳಬತ್ತಿ ಅದರ ಎರಡು ಪಟ್ಟಾದರೂ ಇದ್ದರೆ ಆಯಿತು. ಹುಳಿಯಾರು ಸಂತೆಯ ಹಾಗೆ ನೂರಾರು ಹೆಸರು ನುಗ್ಗಿದವು. ಅವುಗಳಲ್ಲಿ ಎಷ್ಟೋ ಶೇರುಗಳಿಗೆ ಒಡಲೂ ಇಲ್ಲ, ಬತ್ತಿಯೂ ಇಲ್ಲ, ಬರೀ ಅಡ್ಡಗೆರೆ. ಇವು ಅಲ್ಲಾಡಿಸಿದರೂ ಸದ್ದು ಮಾಡದ ಕಾಯಿ ಎಂದಳು ಗಂಗಕ್ಕ.

ಸಿದ್ದಾರ್ಥ್ ಹಣೆ ಉಜ್ಜಿಕೊಂಡು ಯೋಚಿಸಿದ. ಆಮೇಲೆ ಮುಖ ಅರಳಿತು. ಆ ಶೇರುಗಳ ಬೆಲೆ ಬೆಳಗಿನಿಂದ ಅಲುಗಿಲ್ಲ, ಹಾಗಾಗಿ ಒಡಲು ಸೊನ್ನೆ. ಸೊನ್ನೆಯ ಎರಡು ಪಟ್ಟೂ ಸೊನ್ನೆಯೇ. ಬತ್ತಿಯೂ ಸೊನ್ನೆ. ಎಲ್ಲ ಕಾಯಿದೆ ಪ್ರಕಾರವೇ ಒಳಗೆ ಬಂದಿವೆ.

ಮೇಷ್ಟ್ರು ಎದ್ದು ಬಂದು ಅವನ ಬೆನ್ನು ತಟ್ಟಿದರು. “ಇಡೀ ಸರ್ವೀಸಲ್ಲಿ ಸೊನ್ನೆ ಹಿಂಗೆ ಕಳ್ಳಬಾಗಿಲಲ್ಲಿ ನುಗ್ಗಿದ್ದು ನಾನು ನೋಡಿರಲಿಲ್ಲ ಕಣಪ್ಪ. ನೀನು ಹಿಡಿದುಬುಟ್ಟೆ.”

ಒಡಲು ಸೊನ್ನೆಯಾಗಬಾರದು ಎಂದು ಸೇರಿಸಿದ ಮೇಲೂ ಒಂದು ರಾಶಿ ಉಳಿಯಿತು. ಕಾಫಿ ತಂದ ರಾಧಾಮಣಿ, ಬಿದ್ದ ಶೇರು ಏಳುತ್ತದೆ ಅಂದಿರಿ, ಇವುಗಳಲ್ಲಿ ಕೆಲವು ಬಿದ್ದೇ ಇಲ್ಲವಲ್ಲ ಎಂದಳು. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ವಾರವಿಡೀ ಬೆಲೆ ಇಳಿದಿರಬೇಕು ಎಂಬ ಕಡೆಯ ಷರತ್ತನ್ನೂ ಬರೆದ. ಶೇರುಪೇಟೆ ಮುಚ್ಚಿ ದಿನದ ಬೆಲೆ ಖಚಿತವಾದದ್ದೇ ತಡ, ದೇವರನ್ನು ನೆನೆದು ಗುಂಡಿ ಒತ್ತಿದ.

ಒಂದೇ ಹೆಸರು ಬಂತು. ಹೇಮಗಿರಿ ನಾರು ಕಂಪನಿ.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗಂಗಕ್ಕ ದೃಷ್ಟಿ ತೆಗೆದಳು. ರಾಧಾಮಣಿ ಬಗ್ಗಿ ಹೆಸರು ಓದಿದಳು. ಅವಳ ಕಣ್ಣಲ್ಲಿ ನೀರೇ ಬಂತು.

“ನಿಮ್ಮನ್ನ ಸುಮ್ನೆ ಅಂದ್ಬುಟ್ಟೆ ಕಣ್ರೀ. ಇದು ನಮ್ಮಪ್ಪ ಕೊಟ್ಟ ಶೇರೇ ಅಲ್ವಾ? ಹೊಸದಾಗಿ ತಗಳೋದೂ ಬೇಡ, ನಮ್ಮತ್ರಾನೇ ಐತೆ. ಎಲ್ಲಿ, ನಿಮ್ಮ ಖಾತೇಲಿರೋದನ್ನ ಮೇಷ್ಟ್ರಿಗೂ ತೋರ್ಸಿ.”

ಸ್ಕ್ರೀನರಿನ ಚಂದಾ ಕಟ್ಟಲು ಮಾವನ ಶೇರನ್ನೆಲ್ಲ ಸಿದ್ದಾರ್ಥ್ ಹೋದ ವಾರವೇ ಮಾರಿದ್ದ.

“ಅದರಲ್ಲಿ ಸ್ವಲ್ಪ ಮಾರಿದೀನಿ ಕಣೇ,” ಎಂದ.

ರಾಧಾಮಣಿ ಕಾಫಿ ಲೋಟ ಕೆಳಗಿಟ್ಟಳು. “ಸ್ವಲ್ಪ ಅಂದ್ರೆ ಎಷ್ಟು?”

ಪಂದ್ಯ ಗೆದ್ದ ಸಿದ್ದಾರ್ಥ್ ತಾನೇ ಏಣಿ ತಂದು, ಯಾರೂ ಹೇಳದೆಯೇ ಅಟ್ಟ ಹತ್ತಿದ. ದೀಪ ಹಚ್ಚುವ ಹೊತ್ತಾದರೂ ಮೇಲಿಂದ ಲೊಡಲೊಡ ಸದ್ದು ಕೇಳುತ್ತಲೇ ಇತ್ತು.