ಎಂಟೂಕಾಲರ ಬಸ್ಸಿನಲ್ಲಿ ಅಳುವ ಗಂಡಸು

ಪುಸ್ತಕ ಓದಿ ಅಳುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರೆಲ್ಲ ಪುಣ್ಯವಂತರು. ಓದುತ್ತಿರುವಾಗಲೇ ಅಳುವುದರಿಂದ ಕೈಯಲ್ಲಿ ಪುಸ್ತಕವಿರುತ್ತದೆ, ನೋಡಿದವರಿಗೆ ಕಾರಣ ಗೊತ್ತಾಗುತ್ತದೆ, ಎಷ್ಟು ಮೆತ್ತಗಿನ ಮನಸ್ಸಪ್ಪಾ ಎಂಬ ಮೆಚ್ಚುಗೆಯೂ ಸಿಗುತ್ತದೆ. ನನ್ನ ಕಥೆ ಹಾಗಲ್ಲ. ಓದುವಾಗ ನನಗೆ ಏನೂ ಆಗುವುದಿಲ್ಲ. ನಾಯಕಿ ಪ್ರಾಣ ಬಿಡುತ್ತಿದ್ದರೆ ನಾನು ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ತಿರುಗಿಸುತ್ತೇನೆ. ಜಾತ್ರೆಯಲ್ಲಿ ಕಳೆದುಹೋದ ಮಗು ಅಮ್ಮಾ ಎಂದು ಕೂಗುತ್ತಿದ್ದರೆ ಎದ್ದು ಹೋಗಿ ಒಲೆಯ ಉರಿ ಸಣ್ಣ ಮಾಡಿ ಬರುತ್ತೇನೆ. ಕಣ್ಣೀರು ಬರುವುದು ಒಂದೂವರೆ ಗಂಟೆ ತಡವಾಗಿ. ನಮ್ಮ ಕಚೇರಿಯಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗುವ ವೇಗ ನನ್ನ ಮೈಗೂ ಅಂಟಿಕೊಂಡಿದೆ ಎಂದು ಕಾಣುತ್ತದೆ.

ನಾನಿರುವುದು ನಂಜನಗೂಡಿನಲ್ಲಿ, ಗುಮಾಸ್ತಗಿರಿ ತಿ. ನರಸೀಪುರದಲ್ಲಿ. ಬೆಳಿಗ್ಗೆ ಆರೂವರೆಗೆ ಅನ್ನಕ್ಕಿಟ್ಟು ಓದಲು ಕೂರುತ್ತೇನೆ, ಎಂಟೂಕಾಲರ ಬಸ್ಸು ಹತ್ತುತ್ತೇನೆ. ಊರು ದಾಟಿ ಗದ್ದೆ ಬಯಲು ಶುರುವಾಗುವ ಹೊತ್ತಿಗೆ ಬೆಳಿಗ್ಗೆ ಸತ್ತ ನಾಯಕಿ ನೆನಪಾಗಿ ಕಣ್ಣು ತುಂಬುತ್ತದೆ. ಹಾಗಾದರೆ ನಗುವ ಪುಸ್ತಕ ಓದಬಾರದೇ ಎಂದು ನೀವು ಕೇಳಬಹುದು. ಅದನ್ನೂ ನೋಡಿದ್ದೇನೆ ಸ್ವಾಮಿ. ಅಕ್ಕತಂಗಿಯರ ಮದುವೆ ಮುಗಿಸಿ, ಅಮ್ಮನ ಔಷಧೋಪಚಾರ ಮುಗಿಸಿ, ಆಮೇಲೆ ಅಮ್ಮನೂ ಮುಗಿದು, ತಿರುಗಿ ನೋಡಿದರೆ ನನಗೆ ಐವತ್ತಮೂರು. ಮದುವೆ ಎಂಬುದನ್ನು ಯಾರೂ ನೆನಪಿಸಲಿಲ್ಲ, ನಾನಾಗಿ ಕೇಳಲು ನಾಚಿಕೆ. ಬಾಡಿಗೆಯ ಎರಡು ಕೋಣೆಯಲ್ಲಿ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕರೆ ಆ ಸದ್ದಿಗೆ ನನಗೇ ಭಯವಾಗುತ್ತದೆ. ಅಳುವುದಕ್ಕೆ ಆ ತಾಪತ್ರಯವಿಲ್ಲ, ಸದ್ದಿಲ್ಲದೆ ನಡೆಯುತ್ತದೆ.

ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನಮ್ಮ ಬಸ್ಸಿನಲ್ಲಿ ಗಂಡಸರಿಗೆ ಸೀಟೆಂಬುದು ಕೇಳಿ ತಿಳಿದುಕೊಳ್ಳುವ ವಿಷಯವಾಗಿದೆ. ನಾನೂ ತಿಂಗಳುಗಟ್ಟಲೆ ಕಂಬಿ ಹಿಡಿದು ನೇತಾಡಿದವನೇ. ಒಂದು ದಿನ ಹಾಗೆ ನೇತಾಡುತ್ತಿರುವಾಗ ಕಣ್ಣು ಸುರಿಯತೊಡಗಿತು. ಕರವಸ್ತ್ರ ತೆಗೆಯಲು ಕಂಬಿ ಬಿಟ್ಟರೆ ಬೀಳುತ್ತೇನೆ, ಬಿಡದಿದ್ದರೆ ಮೂಗು ಸೋರುತ್ತದೆ. ಈ ಧರ್ಮಸಂಕಟದಲ್ಲಿರುವಾಗ ಮಹದೇವಮ್ಮ ನನ್ನನ್ನು ನೋಡಿದರು. ಆಕೆ ನರಸೀಪುರದ ಆಸ್ಪತ್ರೆಯೊಂದರಲ್ಲಿ ಆಯಾ, ದಿನವೂ ನಂಜನಗೂಡಿನಿಂದ ನಮ್ಮ ಬಸ್ಸಿಗೇ ಬರುವವರು. ಅಳುವವರ ನಡುವೆಯೇ ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು. ಪಕ್ಕದವರನ್ನು ಸರಿಸಿ, ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ಮನೆಯಲ್ಲೇನಾದರೂ ಆಯಿತೇ ಎಂದು ಕೇಳಿದರು. ಕಾದಂಬರಿಯಲ್ಲಿ ಒಬ್ಬಾಕೆ ಸತ್ತಳು ಎಂದು ಹೇಳಲು ಐವತ್ತಮೂರು ವರ್ಷದ ಗುಮಾಸ್ತನಿಗೆ ಬಾಯಿ ಬರುತ್ತದೆಯೇ? 'ಏನಿಲ್ಲಮ್ಮ, ಸಂಸಾರ ಅಂದಮೇಲೆ ಇದ್ದದ್ದೇ' ಎಂದುಬಿಟ್ಟೆ. ಎಲ್ಲರೂ ಆಡುವ ಮಾತು, ಬಾಯಿಗೆ ಬಂತು. ಇಲ್ಲದ ಸಂಸಾರದ ಬಗ್ಗೆ ಆಡಬಾರದಿತ್ತು, ಅಷ್ಟೆ.

ಅಲ್ಲಿಂದ ಶುರುವಾಯಿತು ನೋಡಿ. ಮಾರನೆಯ ದಿನದ ಹೊತ್ತಿಗೆ ನನಗೊಬ್ಬಳು ಹೆಂಡತಿ ಇದ್ದಾಳೆ, ಅವಳು ಗಯ್ಯಾಳಿ ಎಂಬುದು ಇಡೀ ಬಸ್ಸಿಗೆ ತಿಳಿದಿತ್ತು. ಸಾಕ್ಷಿಗೆ ಕೊರತೆಯಿರಲಿಲ್ಲ. ನನ್ನ ಅಂಗಿಯ ಎರಡನೆಯ ಗುಂಡಿ ಹೋಗಿ ಎಷ್ಟು ದಿನವಾಗಿತ್ತೋ, ಅದು ಅವಳ ಲೆಕ್ಕಕ್ಕೆ ಹೋಯಿತು. ಕಾಲರಿನ ಕೊಳೆ ಅವಳ ಸೋಮಾರಿತನ. ನಾನು ಸೊರಗಿದ್ದು ಅವಳು ಹೊಟ್ಟೆಗೆ ಹಾಕದೇ ಇದ್ದದ್ದು. ಹಿಂದಿನ ಸೀಟಿನ ಹಾಲಿನ ಡೈರಿಯ ಹೆಂಗಸರಂತೂ ಅವಳಿಗೆ ಶಾಪ ಹಾಕದೆ ಇಳಿಯುತ್ತಿರಲಿಲ್ಲ. ಮೊದಮೊದಲು ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಬರಬರುತ್ತಾ ನನಗೇ ಪಾಪವೆನಿಸಿ, ಅವಳೂ ತೀರ ಕೆಟ್ಟವಳಲ್ಲ, ಸಿಟ್ಟು ಮೂಗಿನ ತುದಿಯಲ್ಲಿದೆ ಅಷ್ಟೆ, ಎಂದು ಪರ ವಹಿಸತೊಡಗಿದೆ. ಅದನ್ನು ಕೇಳಿ ಅವರು ಇಂಥ ದೇವರಂಥ ಗಂಡನಿಗೆ ಎಂಥವಳು ಗಂಟುಬಿದ್ದಳು ಎಂದು ಇನ್ನಷ್ಟು ಮರುಗಿದರು.

ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗೆ ಅದು ಬೇಕಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಯಾರಾದರೂ ಹೇಗಿದ್ದೀರಿ ಎಂದು ಕೇಳುವುದಿದ್ದರೆ ಆ ಒಂದು ಗಂಟೆಯಲ್ಲಿ ಮಾತ್ರ. ಕಚೇರಿಯಲ್ಲಿ ಪಹಣಿ ಎಲ್ಲಿ, ಫೈಲ್ ಎಲ್ಲಿ ಎಂದು ಕೇಳುತ್ತಾರೆ. ಮನೆಯಲ್ಲಿ ಗೋಡೆ ಮಾತಾಡುವುದಿಲ್ಲ. ಬಸ್ಸಿನಲ್ಲಿ ಮಾತ್ರ ರಾತ್ರಿ ನಿದ್ದೆ ಬಂತೇ, ಕಣ್ಣು ಯಾಕೆ ಊದಿದೆ, ಇವತ್ತಾದರೂ ಸಮಾಧಾನವೇ ಎಂಬ ಪ್ರಶ್ನೆಗಳು. ಆ ಆಸೆಗೆ ಬಿದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಗ್ರಂಥಾಲಯದಲ್ಲಿ ಕೊನೆಯ ಪುಟ ಮೊದಲು ನೋಡಿ, ಯಾರಾದರೂ ಸತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡೇ ಪುಸ್ತಕ ತರತೊಡಗಿದೆ. ಎಲ್ಲರೂ ಸುಖವಾಗಿದ್ದರೆ ಅಂಥ ಪುಸ್ತಕ ನನಗೆ ಬೇಡವಾಗಿತ್ತು.

ಹೀಗೆ ನಾಲ್ಕು ತಿಂಗಳು ನಡೆಯಿತು. ಒಂದು ಶನಿವಾರ ಮಹದೇವಮ್ಮ ಇಳಿಯುವ ಮುಂಚೆ, ನಾಳೆ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ಆ ಹೆಣ್ಣುಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ ನ್ಯಾಯ ತೀರ್ಮಾನ ಮಾಡುತ್ತೇನೆ, ಎಂದು ಘೋಷಿಸಿದರು. ಬಸ್ಸಿಗೆ ಬಸ್ಸೇ ಹೌದೆಂದಿತು. ನಾನು ಬೇಡವೆಂದಷ್ಟೂ ಹೆಂಡತಿಗೆ ಎಷ್ಟು ಹೆದರುತ್ತಾರೆ ನೋಡಿ ಎಂದರು. ಬೀಗ ಹಾಕಿಕೊಂಡು ಕಪಿಲಾ ನದಿಯ ಸೋಪಾನಕಟ್ಟೆಯ ಮೇಲೆ ಕೂತಿದ್ದು ಬರೋಣವೇ ಎಂದು ಯೋಚಿಸಿದೆ. ಆದರೆ ಮನೆಗೆ ಬರುತ್ತೇನೆ ಎಂದು ಯಾರಾದರೂ ನನಗೆ ಹೇಳಿ ಎಷ್ಟು ವರ್ಷವಾಗಿತ್ತು! ಬೀಗ ಹಾಕಲು ಮನಸ್ಸು ಬರಲಿಲ್ಲ. ಕಸ ಗುಡಿಸಿ ಕಾದೆ.

ಹತ್ತು ಗಂಟೆಗೆ ಮಹದೇವಮ್ಮ ರಸಬಾಳೆಯ ಒಂದು ಚಿಪ್ಪು ಹಿಡಿದು ಬಂದರು. ಅವರ ಯಜಮಾನರು ಬೈಕಿನಲ್ಲಿ ಇಳಿಸಿ, ಹೆಂಗಸರ ಪಂಚಾಯಿತಿ ತನಗೆ ಬೇಡವೆಂದು ಬೀದಿ ಕೊನೆಯ ಟೀ ಅಂಗಡಿಗೆ ಹೋಗಿದ್ದರು. ತೌರಿಗೆ ಹೋಗಿದ್ದಾಳೆ ಎಂದೆ. ಮಹದೇವಮ್ಮ ಒಳಗೆ ಬಂದು ಕೂತರು. ಕೂತಲ್ಲಿಂದಲೇ ಮನೆಯನ್ನು ಒಂದು ಸುತ್ತು ನೋಡಿದರು. ಹೆಂಗಸು ಇರುವ ಮನೆಯ ಕನ್ನಡಿಯ ಅಂಚಿಗೆ ನಾಲ್ಕು ಬಿಂದಿಯಾದರೂ ಅಂಟಿರಬೇಕಲ್ಲ, ನನ್ನ ಕನ್ನಡಿಯಲ್ಲಿ ಅಂಟಿದ್ದು ಶೇವಿಂಗ್ ಸೋಪಿನ ನೊರೆ. ನಾನು ಕಾಫಿ ಮಾಡಿದೆ. ಲೋಟ ಒಂದೇ ಇದ್ದದ್ದರಿಂದ ಅವರಿಗೆ ಅದರಲ್ಲಿ ಕೊಟ್ಟು ನಾನು ಚೊಂಬಿನಲ್ಲಿ ಸುರಿದುಕೊಂಡೆ. ಆ ಚೊಂಬು ನೋಡಿದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಗ್ರಂಥಾಲಯದ ಪುಸ್ತಕ ತಂದು ಅವರ ಮುಂದಿಟ್ಟು, ಅಳು ಬರುವುದು ಇದರಿಂದ, ಹೆಂಡತಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ ಎಂದು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ನಾಲ್ಕು ತಿಂಗಳ ಕನಿಕರವನ್ನು ಮೋಸದಿಂದ ತೆಗೆದುಕೊಂಡವನು ನಾನು. ಸೋಮವಾರ ಅವರು ಬಸ್ಸಿನಲ್ಲಿ ಇದನ್ನು ಹೇಳಿದರೆ ನನ್ನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ ಎಂಬುದೊಂದೇ ನನಗಿದ್ದ ಹೆದರಿಕೆ. ಮಹದೇವಮ್ಮ ಪುಸ್ತಕ ಮುಟ್ಟಲಿಲ್ಲ. ಒಂದೇ ಮಾತು ಕೇಳಿದರು.

"ಜರ ಬಂದ್ರೆ ಯಾರ್ ನೋಡ್ಕತಾರೆ ಸಾ?"

"ಯಾರು ನೋಡ್ಬೇಕು ಮಹದೇವಮ್ಮ, ಎರಡು ದಿನಕ್ಕೆ ಅದಾಗೇ ಇಳಿಯುತ್ತೆ."

ಸೆರಗು ಕಣ್ಣಿಗೆ ಹಚ್ಚಿಕೊಂಡು ಆಕೆ ಅತ್ತರು. ಆಸ್ಪತ್ರೆಯಲ್ಲಿ ಎಂಥೆಂಥದೋ ನೋಡಿ ಗಟ್ಟಿಯಾದ ಹೆಂಗಸು, ಒಂದು ಪುಟವೂ ಓದದೆ ಅಳುತ್ತಿದ್ದರು, ಗ್ರಂಥಾಲಯವನ್ನೇ ಬರಿದು ಮಾಡಿದ ನಾನು ಚೊಂಬು ಹಿಡಿದು ಒಣಗಿದ ಕಣ್ಣಲ್ಲಿ ನಿಂತಿದ್ದೆ. ಬಾಳೆಹಣ್ಣು ಮೇಜಿನ ಮೇಲಿಟ್ಟು ಅವರು ಹೊರಟದ್ದು ಹತ್ತೂಮುಕ್ಕಾಲಿಗೆ. ಹನ್ನೆರಡೂಕಾಲಿಗೆ ಅನ್ನ ಬಸಿಯುತ್ತಿದ್ದೆ ನೋಡಿ, ಆಗ ನನಗೆ ಬಂತು. ಬಹಳ ಹೊತ್ತು ಬಂತು. ಗಂಜಿಯೆಲ್ಲ ಒಲೆಯ ಮೇಲೆ ಚೆಲ್ಲಿತು.

ಸೋಮವಾರ ಒಂಬತ್ತರ ಬಸ್ಸಿಗೆ ಹೋಗೋಣವೆಂದುಕೊಂಡವನು, ಹೇಗೂ ಒಂದು ದಿನ ಮುಖ ತೋರಿಸಲೇಬೇಕಲ್ಲ ಎಂದು ಎಂಟೂಕಾಲರ ಬಸ್ಸನ್ನೇ ಹತ್ತಿದೆ. ಎಲ್ಲರೂ ನನ್ನನ್ನೇ ನೋಡಿದರು. ನಾನು ಕಂಬಿ ಹಿಡಿದುಕೊಂಡೆ. ಕಿಟಕಿಯ ಸೀಟಿನಿಂದ ಮಹದೇವಮ್ಮ ಎದ್ದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು.

"ನಾನೇ ಓಗಿ ನೋಡ್ಕಂಡ್ ಬಂದೆ ಕಣ್ರವ್ವಾ. ಬೋ ಒಳ್ಳೆ ಎಣ್ಮಗಳು. ಕಾಫಿ ಕೊಟ್ಳು, ಕುಂಕುಮ ಕೊಟ್ಳು. ಇನ್ಮೇಕೆ ಆಯಮ್ಮನ್ನ ಯಾರೂ ಬೈಬ್ಯಾಡಿ."

ಆಮೇಲೆ ತಮ್ಮ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು.

"ಊಟ ಮರ್ತು ಬಂದ್ಬುಟ್ಟಿದ್ರಂತೆ. ನಿಮ್ಮನೆಯೋರು ಕೊಟ್ಟು ಕಳ್ಸವ್ರೆ, ತಕಳಿ."

ನಾನು ತೆಗೆದುಕೊಂಡೆ. ನಾನು ಮನೆಯಿಂದ ಬಂದದ್ದು ಈಗತಾನೆ, ಡಬ್ಬಿ ಇವರ ಕೈಗೆ ಹೇಗೆ ಬಂತು ಎಂದು ಬಸ್ಸಿನಲ್ಲಿ ಒಬ್ಬರೂ ಕೇಳಲಿಲ್ಲ. ಡೈರಿಯ ಹೆಂಗಸರು ಜರುಗಿ ಜಾಗ ಮಾಡಿಕೊಟ್ಟು, ಒಳಗೇನಿದೆ ಬಿಚ್ಚಿ ತೋರಿಸಿ ಎಂದು ಮಾತ್ರ ಒತ್ತಾಯ ಮಾಡಿದರು.

ಈಗ ವಾರಕ್ಕೆ ಮೂರು ದಿನ ಡಬ್ಬಿ ಬರುತ್ತದೆ. ತೊಳೆದು, ಸಂಜೆ ಬಸ್ಸಿನಲ್ಲಿ ಮಹದೇವಮ್ಮನ ಚೀಲಕ್ಕೆ ಸೇರಿಸುತ್ತೇನೆ. ಹೆಂಡತಿ ಸರಿಹೋದ ಮೇಲೆ ನನ್ನ ಮುಖಕ್ಕೆ ಕಳೆ ಬಂದಿದೆ ಎಂದು ಕಂಡಕ್ಟರೂ ಹೇಳುತ್ತಾನೆ. ಅಳುವ ಪುಸ್ತಕ ತರುವುದನ್ನು ಬಿಟ್ಟಿದ್ದೇನೆ. ಸುಖಸಂಸಾರಿಯಾದವನು ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡರೆ ಮಹದೇವಮ್ಮನ ಮಾತು ಸುಳ್ಳಾಗುತ್ತದೆಯಲ್ಲ. ಒಂದೇ ಒಂದು ಕೊರತೆಯೆಂದರೆ, ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದು. ಹೇಳಿಬಿಡೋಣವೆಂದು ದಿನವೂ ಬಾಯಿ ತೆರೆಯುತ್ತೇನೆ. ಆದರೂ ಹೊಸ ಸಂಸಾರ, ಇಷ್ಟು ಬೇಗ ತಕರಾರು ತೆಗೆಯುವುದು ಬೇಡವೆಂದು ಸುಮ್ಮನಿದ್ದೇನೆ.